ಇಎಲ್‌ಡಿ ಲಾಗ್ ತಿದ್ದಬಹುದು, ಅಳಿಸಲಾಗದು

ಅಮೆರಿಕದ ಟ್ರಕ್‌ಗಳ ಇಎಲ್‌ಡಿ (ಚಾಲಕನ ಚಾಲನೆ, ವಿಶ್ರಾಂತಿಯ ಸಮಯ ದಾಖಲಿಸುವ ಎಲೆಕ್ಟ್ರಾನಿಕ್ ಯಂತ್ರ) ದಾಖಲೆಯನ್ನು ಟ್ರಕ್ ಕಂಪನಿಯ ಕಚೇರಿಯವರು ಚಾಲಕನಿಗೆ ತಿಳಿಯದಂತೆ ಬದಲಿಸಬಹುದು ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಫೆಡರಲ್ ನಿಯಮದಂತೆ ಕಚೇರಿ ಮಾಡುವುದು ತಿದ್ದುಪಡಿಯ ಪ್ರಸ್ತಾಪವಷ್ಟೇ. ಚಾಲಕ ಒಪ್ಪಿ ಮರುಪ್ರಮಾಣೀಕರಿಸಿದರೆ ಮಾತ್ರ ಅದು ಜಾರಿಯಾಗುತ್ತದೆ, ಬೇಡವೆಂದರೆ ತಿರಸ್ಕರಿಸಬಹುದು. ಯಾರೇ ತಿದ್ದಲಿ, ಕಾರಣದ ಟಿಪ್ಪಣಿ ಕಡ್ಡಾಯ: ಕನಿಷ್ಠ 4, ಗರಿಷ್ಠ 60 ಅಕ್ಷರ. ‘ತಪ್ಪಾಗಿತ್ತು’ ಎಂದು ಬರೆದರೆ ಯಂತ್ರ ಒಪ್ಪೀತು, ತಪಾಸಕ ಒಪ್ಪುವುದು ಅನುಮಾನ. ‘ಇಂಧನ ತುಂಬಿಸುವಾಗ ಕರ್ತವ್ಯದ ಸ್ಥಿತಿ ಬದಲಿಸಲು ಮರೆತೆ’ ಎನ್ನಿ. ಮೂಲ ನಮೂದು ಅಳಿಯದೆ ಹಾಗೇ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಯಂತ್ರವೇ ದಾಖಲಿಸಿದ ಚಾಲನಾ ಅವಧಿಯನ್ನು ವಿಶ್ರಾಂತಿಯಾಗಿ ಬದಲಿಸಲು, ಕಡಿತಗೊಳಿಸಲು ಬರುವುದಿಲ್ಲ. ಇಬ್ಬರು ಚಾಲಕರ ತಂಡದಲ್ಲಿ ತಪ್ಪು ಹೆಸರಿಗೆ ಬಿದ್ದ ಚಾಲನೆಯನ್ನಾದರೆ, ಇಬ್ಬರೂ ಲಾಗಿನ್ ಆಗಿದ್ದು ಇಬ್ಬರೂ ದೃಢೀಕರಿಸಿದರೆ, ವರ್ಗಾಯಿಸಬಹುದು. ದಾಖಲೆಗಳನ್ನು 6 ತಿಂಗಳು ಇಡಬೇಕು, ಬ್ಯಾಕಪ್ ಪ್ರತಿ ಬೇರೆ ಸಾಧನದಲ್ಲಿ.