ಬರ್ಡ್ ಸೇತುವೆ ದಾಟಿ, ಬರ್ಡ್ ರಸ್ತೆ ಹಿಡಿದು

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ದಾರಿ ಕೇಳುವುದು ಕಷ್ಟ. "ರಾಬರ್ಟ್ ಸಿ. ಬರ್ಡ್ ಸೇತುವೆ ದಾಟಿ, ರಾಬರ್ಟ್ ಸಿ. ಬರ್ಡ್ ಫ್ರೀವೇ ಹಿಡಿದು, ರಾಬರ್ಟ್ ಸಿ. ಬರ್ಡ್ ಕೋರ್ಟಿನ ಹತ್ತಿರ ಇಳಿದುಕೊಳ್ಳಿ" ಅಂದರೆ ಸಾಲದು. ಯಾವ ಕೋರ್ಟು ಅಂತ ಇನ್ನೊಮ್ಮೆ ಕೇಳಬೇಕು. ಆ ಹೆಸರಿನವು ಚಾರ್ಲ್‌ಸ್ಟನ್‌ನಲ್ಲೊಂದು, ಬೆಕ್ಲಿಯಲ್ಲೊಂದು ಇವೆ.

ಈ ಬರ್ಡ್ ಆ ಸೀಮೆಯ ಮಹಾರಾಜರೇನಲ್ಲ, ಸೆನೆಟರ್, ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆಯ ಸದಸ್ಯ. 1959ರ ಜನವರಿಯಲ್ಲಿ ಸೆನೆಟ್‌ನಲ್ಲಿ ಕೂತವರು 2010ರ ಜೂನ್‌ನಲ್ಲಿ, 92ನೇ ವಯಸ್ಸಿನಲ್ಲಿ, ತೀರಿಕೊಂಡಾಗಲೇ ಕುರ್ಚಿ ಬಿಟ್ಟದ್ದು. ಅಷ್ಟರಲ್ಲಿ ಶ್ವೇತಭವನ 11 ಅಧ್ಯಕ್ಷರನ್ನು ಕಂಡಿತ್ತು.

ಕಲ್ಲಿದ್ದಲು ಗಣಿಯ ಊರಲ್ಲಿ ಬೆಳೆದ ಬಡ ಹುಡುಗ. ರಾಜಕೀಯಕ್ಕೆ ಬರುವ ಮೊದಲು ಮಾಂಸ ಕತ್ತರಿಸುವ ಕೆಲಸ ಮಾಡಿದ್ದರು. ಸರ್ಕಾರದ ದುಡ್ಡನ್ನು ತನ್ನೂರಿಗೆ ಹೊತ್ತೊಯ್ಯುವುದಕ್ಕೆ ಅಮೆರಿಕದವರು 'ಪೋರ್ಕ್' ಅನ್ನುತ್ತಾರೆ, ಅಂದರೆ ಹಂದಿ ಮಾಂಸ. ಕಸುಬು ಬದಲಾಯಿತು, ಸರಕು ಅದೇ ಉಳಿಯಿತು ಅಲ್ವಾ! 1989ರಲ್ಲಿ ಸೆನೆಟ್‌ನ ಖರ್ಚುವೆಚ್ಚದ ಸಮಿತಿಗೆ ಅವರೇ ಅಧ್ಯಕ್ಷರಾದರು. ಕತ್ತಿಯೂ ಅವರದೇ, ತಕ್ಕಡಿಯೂ ಅವರದೇ.

ವೆಸ್ಟ್ ವರ್ಜೀನಿಯಾಕ್ಕೆ ಕಡಲಿಲ್ಲ. ಯಾವ ದಿಕ್ಕಿಗೆ ನಡೆದರೂ ಇನ್ನೊಂದು ರಾಜ್ಯವೇ ಸಿಗುತ್ತದೆ. ಆದರೂ ಕರಾವಳಿ ಕಾವಲು ಪಡೆಯ ಕಂಪ್ಯೂಟರ್ ಕೇಂದ್ರ ಇರುವುದು ಅಲ್ಲೇ, ಕಿಯರ್ನೀಸ್‌ವಿಲ್‌ನಲ್ಲಿ. ಹಡಗಿನ ನಾವಿಕರ ಲೈಸೆನ್ಸ್ ನೋಡಿಕೊಳ್ಳುವ ಕಚೇರಿಯೂ ಪಕ್ಕದ ಮಾರ್ಟಿನ್ಸ್‌ಬರ್ಗ್‌ಗೆ ಬಂದು ಕೂತಿತು. ಸಮುದ್ರಕ್ಕಿಳಿಯುವವನ ಅರ್ಜಿ ಮೊದಲು ಗುಡ್ಡ ಹತ್ತಬೇಕು. ಬರ್ಡ್ ಇನ್ನೊಂದು ಹತ್ತು ವರ್ಷ ಇದ್ದಿದ್ದರೆ ಅಟ್ಲಾಂಟಿಕ್ ಸಾಗರವನ್ನೇ ತರಿಸುತ್ತಿದ್ದರೇನೋ. ಎಫ್‌ಬಿಐ ಕೂಡ ದೇಶದ ಬೆರಳಚ್ಚುಗಳನ್ನೆಲ್ಲ ಕಟ್ಟಿಕೊಂಡು ಕ್ಲಾರ್ಕ್ಸ್‌ಬರ್ಗ್‌ಗೆ ಬಂತು. ಯಾರ ಕೈವಾಡ ಅಂತ ಪತ್ತೆ ಹಚ್ಚಲು ಬೆರಳಚ್ಚು ಬೇಕಿರಲಿಲ್ಲ.

ಸುಮ್ನೆ ಬೈದರೆ ತಪ್ಪಾಗುತ್ತದೆ. ಬಡ ರಾಜ್ಯ, ಗುಡ್ಡಗಾಡು. ರಸ್ತೆ ಬಂತು, ಕೆಲಸ ಬಂತು, ಜನ ಮತ್ತೆ ಮತ್ತೆ ಗೆಲ್ಲಿಸಿದರು. ರಾಜ್ಯ ಮಾತ್ರ ಬಡ ರಾಜ್ಯಗಳ ಪಟ್ಟಿಯಿಂದ ಹೊರಬರಲಿಲ್ಲ. ನಾಮಫಲಕಗಳು ಜಾಸ್ತಿಯಾದವು. 1997ರಲ್ಲಿ ರಾಜ್ಯದ ವಿಧಾನಭವನದೊಳಗೆ ಅವರ ಕಂಚಿನ ಪ್ರತಿಮೆಯೂ ನಿಂತಿತು. ಪ್ರತಿಮೆಯ ಆಸಾಮಿ ಆಗಿನ್ನೂ ವಾಷಿಂಗ್ಟನ್‌ನಲ್ಲಿ ಗಟ್ಟಿಯಾಗಿ ಭಾಷಣ ಮಾಡುತ್ತಿದ್ದರು.

ಭಾಷಣ ಅಂದಾಗ ನೆನಪಾಯಿತು. ಜೂನ್ 1964. ಕರಿಯರಿಗೆ ಸಮಾನ ಹಕ್ಕು ಕೊಡುವ ಮಸೂದೆ ಸೆನೆಟ್ ಮುಂದಿತ್ತು. ಮಾತು ಮುಗಿಯುವ ತನಕ ಮತಕ್ಕೆ ಹಾಕುವಂತಿಲ್ಲ, ಹಾಗಾಗಿ ಅದನ್ನು ತಡೆಯಲು ಬರ್ಡ್ ಸಂಜೆ ಎದ್ದು ನಿಂತರು. ಮಾತು ಮುಗಿದದ್ದು ಮರುದಿನ ಬೆಳಿಗ್ಗೆ, 14 ಗಂಟೆಗೂ ಜಾಸ್ತಿ ಹೊತ್ತಿನ ಮೇಲೆ. ಮಸೂದೆ ಪಾಸಾಯಿತು. 1940ರ ದಶಕದಲ್ಲಿ ಕರಿಯರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್ ಸೇರಿ ಜನ ಕೂಡಿಸಿದ್ದ ಮನುಷ್ಯ ಇವರು. ಮುಂದೆ ಅದಕ್ಕೆಲ್ಲ ಪಶ್ಚಾತ್ತಾಪಪಟ್ಟರು, ಕ್ಷಮೆಯನ್ನೂ ಕೇಳಿದರು. ಕ್ಷಮೆ ಕೇಳಲು ಮಾತ್ರ 14 ಗಂಟೆ ಹಿಡಿಯಲಿಲ್ಲ.

ಗ್ರೀನ್ ಬ್ಯಾಂಕ್ ಎಂಬ ಹಳ್ಳಿಯ ಕಥೆ ಇದಕ್ಕಿಂತ ಚಂದ. ಆಕಾಶದ ರೇಡಿಯೋ ಅಲೆ ಹಿಡಿಯಲು ಅಲ್ಲಿದ್ದ ಹಳೆಯ ದೂರದರ್ಶಕ 1988ರ ಒಂದು ರಾತ್ರಿ ಕುಸಿದು ಬಿತ್ತು. ಬರ್ಡ್ ಹಣ ತಂದರು. 100 ಮೀಟರ್ ಅಗಲದ ಹೊಸ ತಟ್ಟೆ ಎದ್ದಿತು. ಅದು ಆಕಾಶದ ಆಚೆ ತುದಿಯ ಪಿಸುಮಾತು ಕೇಳಬೇಕು. ಅದಕ್ಕೇ ಸುತ್ತಮುತ್ತ ರೇಡಿಯೋ ಅಲೆಗಳ ಗದ್ದಲಕ್ಕೆ ಕಟ್ಟುನಿಟ್ಟು, ಮೊಬೈಲ್ ಸಿಗ್ನಲ್ ಕೂಡ ಇಲ್ಲ. ಅಷ್ಟು ನಿಶ್ಶಬ್ದದ ಜಾಗದ ಆ ದೂರದರ್ಶಕಕ್ಕೆ ಯಾರ ಹೆಸರಿಟ್ಟರು ಅಂತೀರಿ? ರಾತ್ರಿಯಿಡೀ ಮಾತಾಡಿದವರದ್ದೇ.

1 ಜುಲೈ 2010ರಂದು ಅವರ ಶವಪೆಟ್ಟಿಗೆಯನ್ನು ಸೆನೆಟ್ ಸಭಾಂಗಣಕ್ಕೇ ತಂದಿಟ್ಟರು. ಅದಕ್ಕೂ ಮೊದಲು ಅಲ್ಲಿ ಹಾಗೆ ಶವ ಇಟ್ಟಿದ್ದು 1959ರಲ್ಲಿ, ಬರ್ಡ್ ಸೆನೆಟ್‌ಗೆ ಬಂದ ವರ್ಷ. ಜನ ಸಾಲುಗಟ್ಟಿ ಬಂದರು. ಆವತ್ತು ಸಭಾಂಗಣದಲ್ಲಿ ಬರ್ಡ್ ಇದ್ದರು, ಭಾಷಣ ಇರಲಿಲ್ಲ.