ಲಿಂಕ್ಡ್‌ಇನ್‌ನಲ್ಲಿ ಸಂಸ್ಥೆಯ ಪುಟ ತೆರೆಯಲು ಶುಲ್ಕವಿಲ್ಲ: ಸ್ಪಷ್ಟನೆ

ವೃತ್ತಿಪರರ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಸಂಸ್ಥೆಯ ಪುಟ ತೆರೆಯಬೇಕಾದರೆ ಹಣ ಕಟ್ಟಿ ಪಡೆಯುವ ಪ್ರೀಮಿಯಂ ಚಂದಾ ಕಡ್ಡಾಯವೆಂದೂ, ಹಣ ಕೊಟ್ಟರೆ ಸಾವಿರಾರು ಸಂಪರ್ಕಗಳನ್ನು ಒದಗಿಸುತ್ತೇವೆಂದೂ ಸಣ್ಣ ಉದ್ಯಮಿಗಳ ನಡುವೆ ಹರಿದಾಡುತ್ತಿರುವ ಮಾತು ಸರಿಯಲ್ಲ. ವೈಯಕ್ತಿಕ ಖಾತೆಯುಳ್ಳವರು ತಮ್ಮ ಸಂಸ್ಥೆಯ ಪುಟವನ್ನು ಉಚಿತವಾಗಿಯೇ ತೆರೆಯಬಹುದು. ಪ್ರೀಮಿಯಂ ಎಂಬುದು ಬೇಕೆನಿಸಿದವರಿಗೆ ಹೆಚ್ಚುವರಿ ಸೌಲಭ್ಯವಷ್ಟೇ. ಸಂಪರ್ಕದ ಕೋರಿಕೆಯನ್ನು ಎದುರಿನವರು ಒಪ್ಪಬೇಕಾಗುತ್ತದೆ, ಒಬ್ಬರು ಹೊಂದಬಹುದಾದ ಸಂಪರ್ಕಗಳಿಗೂ 30,000ದ ಮಿತಿಯಿದೆ. ಇಂಥವರು ಸ್ವಯಂಚಾಲಿತ ತಂತ್ರಾಂಶದಿಂದ ಕೋರಿಕೆಗಳನ್ನು ಕಳುಹಿಸಿದರೆ, ಅದು ಲಿಂಕ್ಡ್‌ಇನ್‌ನ ಬಳಕೆದಾರರ ಒಪ್ಪಂದಕ್ಕೆ ವಿರುದ್ಧವಾದ್ದರಿಂದ, ಹಣ ಪಡೆದವರಿಗಲ್ಲ, ಖಾತೆದಾರರಿಗೇ ನಿರ್ಬಂಧದ ಅಪಾಯವಿದೆ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವವರಿಗೆ ಅಪರಿಚಿತರ ದೊಡ್ಡ ಪಟ್ಟಿಗಿಂತ, ಖರೀದಿ ವಿಭಾಗದ ಕೆಲವೇ ಅಧಿಕಾರಿಗಳ ಪರಿಚಯ ಹೆಚ್ಚು ಉಪಯುಕ್ತವೆಂಬುದು ನಮ್ಮ ಖಚಿತ ಅಭಿಪ್ರಾಯ. ಪುಟದ ನಿರ್ವಹಣೆಯನ್ನು ಬೇರೆಯವರಿಗೆ ವಹಿಸುವುದಾದರೂ ಅವರಿಗೆ ಅಡ್ಮಿನ್ (ನಿರ್ವಾಹಕ) ಹಕ್ಕು ನೀಡಿದರೆ ಸಾಕು. ಪಾಸ್‌ವರ್ಡ್ ಕೊಡುವ ಅಗತ್ಯವಿಲ್ಲ.