ಪುಕ್ಕಟೆ ತಾಳಿ, ಹಸುವಿನ ಅಪ್ಪುಗೆ

ಫೆಬ್ರವರಿ ಬಂತೆಂದರೆ ನಮ್ಮ ಸಂಸ್ಕೃತಿಗೆ ಜ್ವರ ಬರುತ್ತದೆ. ವರದಕ್ಷಿಣೆಗೆ, ಮರ್ಯಾದೆಯ ಹೆಸರಿನ ಕೊಲೆಗೆ ನೆಗಡಿಯೂ ಆಗದಷ್ಟು ಗಟ್ಟಿ ಶರೀರ ಅದರದು. ಕೆಂಪು ಗುಲಾಬಿ ಕಂಡರೆ ಮಾತ್ರ ತಡೆಯುವುದಿಲ್ಲ. ಕೂಡಲೇ ಪತ್ರಿಕಾಗೋಷ್ಠಿ, ಎಚ್ಚರಿಕೆ.

ಈ ಎಚ್ಚರಿಕೆಗಳಲ್ಲೆಲ್ಲ ನನಗೆ ಅಚ್ಚುಮೆಚ್ಚು 2009ರದ್ದು. ಪ್ರೇಮಿಗಳ ದಿನವಾದ ಫೆಬ್ರವರಿ 14ರಂದು ಕೈಕೈ ಹಿಡಿದು ಕಂಡ ಜೋಡಿಗೆ ಅಲ್ಲೇ ಮದುವೆ ಮಾಡಿಸುತ್ತೇವೆ ಎಂದು ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ ಘೋಷಿಸಿದ್ದರಲ್ಲ, ಅದು. ಪುರೋಹಿತ, ಅರಿಶಿನದ ಕೊಂಬು, ತಾಳಿ ಎಲ್ಲವೂ ಸೇನೆಯ ಖರ್ಚು. ಛತ್ರದ ಬಾಡಿಗೆ ಕೇಳಿ ಹುಡುಗಿಯ ಅಪ್ಪ ಗೋಡೆ ಹಿಡಿದು ಕೂರುವ ಕಾಲದಲ್ಲಿ ಎಂಥ ಉದಾರ ಯೋಜನೆ! ಜಾತಕ ಬೇಡ, ಗೋತ್ರ ಬೇಡ, ಸೀರೆಯ ಅಂಚು ಸಣ್ಣದಾಯಿತೆಂದು ಸೋದರತ್ತೆ ಮುನಿಸಿಕೊಳ್ಳುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ನಂತರ ಜಾತಿ ಕೇಳದೆ ಮದುವೆ ಮಾಡಿಸಲು ಇಷ್ಟು ಉತ್ಸಾಹ ತೋರಿದವರು ಯಾರಿದ್ದಾರೆ? ಹೆಣ್ಣುಮಕ್ಕಳೂ ಸುಮ್ಮನಿರಲಿಲ್ಲ, ಗುಲಾಬಿ ಬಣ್ಣದ ಒಳಚಡ್ಡಿಗಳನ್ನು ಅಂಚೆಯಲ್ಲಿ ಮುಯ್ಯಿ ಕಳಿಸಿದರು.

ಆಮೇಲೆ 2023ರಲ್ಲಿ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ ಇನ್ನೊಂದು ದಾರಿ ತೋರಿಸಿತು: ಆ ದಿನ ಹಸುವನ್ನು ಅಪ್ಪಿಕೊಳ್ಳಿ. ಆ ಮನವಿ ಬರೆದವರು ಕೊಟ್ಟಿಗೆಗೆ ಕಾಲಿಟ್ಟಿರಲಾರರು. ಹಸುವಿಗೆ ಅಪ್ಪುಗೆ ಬೇಕಿಲ್ಲ. ಗಂಗೆದೊಗಲು ತುರಿಸಿದರೆ ಕಣ್ಣು ಅರೆ ಮುಚ್ಚಿ ಕತ್ತು ಚಾಚುತ್ತದೆ, ಅಷ್ಟರಲ್ಲೇ ಅದಕ್ಕೆ ಪರಮಾನಂದ. ಗುರುತು ಪರಿಚಯವಿಲ್ಲದವನು ಎರಡು ಕೈ ಚಾಚಿಕೊಂಡು ಬಂದರೆ ಮೊದಲು ಬುಸುಗುಡುತ್ತದೆ, ನಂತರ ಕೊಂಬು ತಗ್ಗಿಸುತ್ತದೆ, ಹಿಂದಿನಿಂದ ಬಂದವನಿಗೆ ಒದೆ. ಒಪ್ಪಿಗೆ ಇಲ್ಲದೆ ಮೈ ಮುಟ್ಟಬಾರದೆಂಬ ವಿಷಯದಲ್ಲಿ ಅದು ನಮಗಿಂತ ಖಚಿತ. ನಾಲ್ಕೇ ದಿನದಲ್ಲಿ ಮನವಿಯನ್ನು ಹಿಂದಕ್ಕೆ ಪಡೆದರು. ಹಸುಗಳು ಉಸಿರಾಡಿದವು.

ಇತ್ತ ದೊಡ್ಡಬಳ್ಳಾಪುರದ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಗಾರ ಡಿಸೆಂಬರ್‌ನಲ್ಲೇ ಗಿಡ ಸವರಿ, ಒಂದೊಂದು ಮೊಗ್ಗಿಗೂ ಬಲೆಯ ಟೊಪ್ಪಿಗೆ ತೊಡಿಸಿ ಕಾಯುತ್ತಿರುತ್ತಾನೆ. ಸಿಂಗಪುರದ ಹುಡುಗ ಯಾರನ್ನಾದರೂ ಪ್ರೀತಿಸಲಿ ಎಂದು ಹರಕೆ ಹೊರುತ್ತಾನೆ, ತನ್ನ ಮಗಳು ಮಾತ್ರ ಯಾರನ್ನೂ ಪ್ರೀತಿಸದಿರಲಿ ಎಂದು ಇನ್ನೊಂದು ಹರಕೆ. ನಗರದ ಗಂಡ ಅದೇ ಹೂವನ್ನು ನಾಚಿಕೊಂಡು ಮನೆಗೆ ತರುತ್ತಾನೆ. ಹೆಂಡತಿಗೆ ಒಳಗೊಳಗೇ ಖುಷಿ, ಬಾಯಿಗೆ ಬರುವುದು ಮಾತ್ರ ‘ಎಷ್ಟು ಕೊಟ್ಟಿರಿ?’ ಬೆಲೆ ಕೇಳಿದ ಮೇಲೆ ಹೂವು ನೇರವಾಗಿ ದೇವರ ಪಟಕ್ಕೆ ಹೋಗುತ್ತದೆ. ದುಡ್ಡು ದಂಡವಾಗಬಾರದಲ್ಲ.

ಇಷ್ಟು ನಗಬಹುದು. ಆದರೆ ಆ ಪುಕ್ಕಟೆ ತಾಳಿಯ ಘೋಷಣೆಗೆ ಕೆಲವೇ ದಿನ ಮೊದಲು, ಜನವರಿ 24ರಂದು, ಮಂಗಳೂರಿನ ಪಬ್ಬಿನಿಂದ ಹುಡುಗಿಯರನ್ನು ಎಳೆದು ತಂದು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಕೂದಲು ಹಿಡಿದ ಕೈ ಕಂಡಿತು, ಓಡುವಾಗ ಬಿದ್ದವಳು ಕಂಡಳು. 2018ರಲ್ಲಿ ಸಾಕ್ಷ್ಯ ಸಾಲದೆಂದು ಮುತಾಲಿಕ್ ಸೇರಿ ಆರೋಪಿಗಳು ಖುಲಾಸೆಯಾದರು. ಕೋಟ್ಯಂತರ ಜನ ಕಂಡದ್ದಕ್ಕೆ ಸಾಕ್ಷ್ಯ ಸಾಲಲಿಲ್ಲ. ಇದರಲ್ಲಿ ತಮಾಷೆ ಹುಡುಕಲು ನನಗೆ ಸಾಕಾಗಿದೆ.

ಈಗಲೂ ಆ ದಿನ ಪಾರ್ಕಿನ ಬೆಂಚಿನ ಬಳಿ ಸೀಟಿ ಊದುತ್ತಾ ಬಂದ ಪೊಲೀಸರು ಜೋಡಿಗೆ ಬುದ್ಧಿ ಹೇಳುತ್ತಾರೆ: ಗಲಾಟೆ ಆಗಬಹುದು, ಬೇಗ ಮನೆಗೆ ಹೋಗಿ. ಗಲಾಟೆ ಮಾಡಲು ಬರುವವರಿಗೆ ಹಾಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.